ಹೆಪ್ಪು ಇಡುವ ಜಾಗ

ಹೊಳೆದಂಡೆಯ ಆಶ್ರಮದಲ್ಲಿ ನೀಲಗಂಗಮ್ಮ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು. ಅವರ ಶಿಷ್ಯ ಕೊಟ್ರೇಶನಿಗೆ ಬಲು ಮರೆವು.

ಸ್ನಾನಕ್ಕೆ ಹೋದರೆ ಚೊಂಬು ಬಿಟ್ಟು ಬರುತ್ತಿದ್ದ. ಚೊಂಬು ತರಲು ಹೋದರೆ ಹೆಗಲ ಮೇಲಿನ ವಸ್ತ್ರ ಬಿಟ್ಟು ಬರುತ್ತಿದ್ದ.

“ಅವ್ವಾ, ಮರೆವಿಗೆ ಮದ್ದೇನು?”

“ನಿನ್ನೆಯೂ ಇದನ್ನೇ ಕೇಳಿದೆ.”

“ನೀವೇನು ಹೇಳಿದಿರಿ?”

ಅವ್ವ ನಕ್ಕುಬಿಟ್ಟರು.

ದೋಣಿಗೆ ಕಾಯುವವರಿಗೆಲ್ಲ ಆಶ್ರಮದಲ್ಲಿ ಮಜ್ಜಿಗೆ ಕೊಡುತ್ತಿದ್ದರು. ಅವ್ವನ ಗುರುಗಳ ಕಾಲದಿಂದ ಅದು ಒಂದು ದಿನವೂ ತಪ್ಪಿರಲಿಲ್ಲ. ಬೆಳಿಗ್ಗೆ ಮೊಸರು ಕಡೆಯುವ ಮುಂಚೆ ಒಂದು ಸೌಟು ಎತ್ತಿಟ್ಟು, ಸಂಜೆ ಹಾಲಿಗೆ ಹೆಪ್ಪು ಹಾಕುವುದು ಕೊಟ್ರೇಶನ ಕೆಲಸ. ಅದೊಂದನ್ನು ಮಾತ್ರ ಅವನು ಮರೆತವನಲ್ಲ.

ಒಂದು ಬೆಳಿಗ್ಗೆ ದೋಣಿ ನಡೆಸುವ ಹನುಮವ್ವ ಬಟ್ಟಲು ಹಿಡಿದು ಬಂದಳು.

“ತಮ್ಮಾ, ಬೆಕ್ಕು ಮೊಸರಿನ ಗಡಿಗೆ ಉರುಳಿಸಿತು. ಒಂಚೂರು ಹೆಪ್ಪು ಕೊಡು.”

“ಆಗೋದಿಲ್ಲ ಅಕ್ಕಾ. ನಾನು ಮೊದಲೇ ಮರೆಗುಳಿ. ನಿಮಗೆಲ್ಲ ಕೊಡುತ್ತ ಕೂತು ನಮಗೆ ಇಡೋದನ್ನೇ ಮರೆತರೆ?”

“ಅದೂ ಸರಿ,” ಎಂದು ಹನುಮವ್ವ ಬರಿಗೈಯಲ್ಲಿ ಹೋದಳು.

ಇನ್ನೂ ಯಾರಾದರೂ ಬಂದಾರು ಎಂದು ಕೊಟ್ರೇಶ ಹೆಪ್ಪನ್ನು ಒಂದು ಕುಡಿಕೆಗೆ ಹಾಕಿ, ಯಾರ ಕೈಗೂ ಸಿಗದ ಜಾಗದಲ್ಲಿ ಬಚ್ಚಿಟ್ಟ.

ಸಂಜೆ ಹಾಲು ಕಾಯಿತು, ಆರಿತು. ಕುಡಿಕೆ ಅವನ ಕೈಗೂ ಸಿಗಲಿಲ್ಲ.

ಅಟ್ಟ ಹುಡುಕಿದ. ಸೌದೆಯ ರಾಶಿ ಕೆದಕಿದ. ಹೋದ ವರ್ಷ ಕಳೆದುಹೋಗಿದ್ದ ಎಡಗಾಲಿನ ಚಪ್ಪಲಿ ಸಿಕ್ಕಿತು. ಬಲಗಾಲಿನದನ್ನು ಬೇಸತ್ತು ಹೊಳೆಗೆ ಎಸೆದಾಗಿತ್ತು.

ಕೊಟ್ರೇಶ ಜೋಳಿಗೆ ಹೆಗಲಿಗೇರಿಸಿ ಅವ್ವನ ಮುಂದೆ ನಿಂತ.

“ಅವ್ವಾ, ನಾಳೆ ಮಜ್ಜಿಗೆ ಇಲ್ಲ. ನಿಮ್ಮ ಗುರುಗಳ ಹೆಪ್ಪನ್ನೂ ಕಳೆದೆ. ಇನ್ನು ನಾನಿಲ್ಲಿ ಇರಬಾರದು.”

“ಹೋಗುವವನು ಹೋಗು. ಆದರೆ ಹೋಗುವ ಮುಂಚೆ ಯಾರ ಮನೆಯಿಂದಲಾದರೂ ಹೆಪ್ಪು ತಂದಿಟ್ಟು ಹೋಗು. ಬೇಗ, ದೀಪ ಹಚ್ಚಿದ ಮೇಲೆ ಯಾರೂ ಕೊಡುವುದಿಲ್ಲ.”

ಹತ್ತಿರವಿದ್ದದ್ದು ಹನುಮವ್ವನ ಮನೆಯೊಂದೇ. ಕೊಟ್ರೇಶ ಬಟ್ಟಲು ಹಿಡಿದು ಓಡಿದ.

ಹನುಮವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

“ಅಕ್ಕಾ, ಒಂಚೂರು ಹೆಪ್ಪು...”

“ಅಯ್ಯಯ್ಯೋ! ಬೆಳಿಗ್ಗೆ ಗಡಿಗೆ ಅಪ್ಪಿಕೊಂಡು ಕೂತಿದ್ದವನು ನೀನೇ ಅಲ್ಲವೇನೋ?”

“ನಾನೇ ಅಕ್ಕಾ.”

“ಅದನ್ನಾದರೂ ಮರೆತಿಲ್ಲವಲ್ಲ! ತಾ ಇಲ್ಲಿ. ನೀನು ಹೋಗೋತನಕ ದೀಪ ಹಚ್ಚೋದಿಲ್ಲ.”

ಅವಳು ತನ್ನ ಬಟ್ಟಲಿನಲ್ಲಿದ್ದದ್ದರಲ್ಲಿ ಅರ್ಧ ಸುರಿದಳು.

“ನಿನಗೆ ಯಾರು ಕೊಟ್ಟರು ಅಕ್ಕಾ?”

“ಕುಂಬಾರರ ಶರಣವ್ವ. ಅವಳಿಗೆ ಹೋದ ಬೇಸಿಗೆಯಲ್ಲಿ ನೀನೇ ಕೊಟ್ಟಿದ್ದೆಯಂತೆ. ನೆನಪಿದೆಯೋ?”

ಕೊಟ್ರೇಶನಿಗೆ ನೆನಪಿರಲಿಲ್ಲ.

“ತಡಿ, ಹೊರಡಬೇಡ.” ಅವಳು ಒಳಗಿನಿಂದ ಒಂದು ಚೊಂಬು, ಮಡಿಸಿಟ್ಟ ವಸ್ತ್ರ ತಂದಳು. “ಇವೂ ನಿನ್ನವೇ. ಸ್ನಾನಕ್ಕೆ ಬಂದಾಗ ಹೊಳೆದಂಡೆಯಲ್ಲಿ ಬಿಟ್ಟು ಹೋಗಿದ್ದೆ. ಕೇಳೋಕೆ ಬರುತ್ತೀ ಅಂತ ಕಾದೆ. ಯಾಕೋ ಬರಲೇ ಇಲ್ಲ?”

“ನಾಚಿಕೆ ಅಕ್ಕಾ.”

“ಅದನ್ನು ಮಾತ್ರ ಎಲ್ಲೂ ಕಳೆದುಕೊಳ್ಳಲಿಲ್ಲ ನೋಡು ನೀನು!”

ಕೊಟ್ರೇಶ ನಗುತ್ತಲೇ ಆಶ್ರಮಕ್ಕೆ ಓಡಿಬಂದ. ಹಾಲಿಗೆ ಹೆಪ್ಪು ಹಾಕಿ, ಗಡಿಗೆ ಮುಚ್ಚಿ, ಅವ್ವನ ಕಾಲಿಗೆ ಬಿದ್ದ.

“ಸರಿ, ಹೊರಡುವವನು ಹೊರಡಪ್ಪ,” ಎಂದರು ಅವ್ವ. “ಜೋಳಿಗೆ ಎಲ್ಲಿ?”

ಅವನು ಹೆಗಲು ಮುಟ್ಟಿ ನೋಡಿಕೊಂಡ.

“ಅಯ್ಯೋ ಅವ್ವಾ! ಹನುಮವ್ವನ ಕಟ್ಟೆಯ ಮೇಲೇ ಉಳಿಯಿತು!”

“ಒಳ್ಳೆಯ ಜಾಗದಲ್ಲಿದೆ. ನಾಳೆ ಕೇಳಿ ತಾ.”

“ಕುಡಿಕೆ?”

“ನಾಲ್ಕು ದಿನ ಕಳೆದರೆ ಮೂಗೇ ದಾರಿ ತೋರಿಸುತ್ತದೆ.”

ಕೊಟ್ರೇಶ ಗಡಿಗೆಯ ಪಕ್ಕದಲ್ಲಿ ಕೂತ.

“ಅವ್ವಾ, ಇನ್ನು ಮುಂದೆ ಕಳೆದುಹೋಗದ ಹಾಗೆ ಹೆಪ್ಪನ್ನು ಎಲ್ಲಿ ಇಡಲಿ?”

ಅವ್ವ ದೀಪ ಹಚ್ಚಿದರು.

“ಕೇಳಿಕೊಂಡು ಬಂದವರ ಬಟ್ಟಲಿನಲ್ಲಿ.”