ನಾಡಿನ ಆಳು

ಒಡೆದು ಚೂರಾಗಿದ್ದ ಏಳು ಪಾಳೆಯಗಳನ್ನು ಒಗ್ಗೂಡಿಸಿ ಏಳೂರ ನಾಡನ್ನು ಕಟ್ಟಿದ ಪೂಜ್ಯ ಮರುಳಾರ್ಯರು, ಅಧಿಕಾರ ಕೊಡವಿ ಎದ್ದುಬಂದ ಮೇಲೆ, ಊರಾಚೆಯ ಹಾಳು ಸುಂಕದಕಟ್ಟೆಯಲ್ಲಿ ತೆಂಗಿನ ನಾರು ಹೊಸೆಯುತ್ತ ಕುಳಿತಿರುತ್ತಿದ್ದರು. ಅವರು ಹೊಸೆದ ಹಗ್ಗಕ್ಕೆ ಕಟ್ಟಿದ ಆನೆ ಮೂರು ದಿನ ಎಳೆದೆಳೆದು ಸೋತು ಮಲಗಿತಂತೆ. ಅಂತೆ ಏನು, ಮಲಗಿಯೇಬಿಟ್ಟಿತ್ತು.

ಒಂದು ಬೆಳಗ್ಗೆ ಅಲ್ಲಿಗೆ ಕಲ್ಲುಕುಟಿಗ ದುರ್ಗಪ್ಪ ಉರಿದುಕೊಂಡು ಬಂದ. ಕೈಮುಗಿಯಲಿಲ್ಲ. ಸ್ವಾಮಿಗಳ ಸ್ಮಾರಕಕ್ಕೆಂದು ಪಾರುಪತ್ಯಗಾರ ತಮ್ಮ ಕೇರಿಯ ಬಾವಿಯ ಬಾಯಿಗೇ ಕಲ್ಲು ಹೇರಿದ್ದಾನೆ, ಹೆಂಗಸರು ಎರಡು ಹರಿದಾರಿ ನಡೆದು ನೀರು ಹೊರುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದ.

“ದೇವರಂಥವರು ಅಂತಾರೆ ನಿಮ್ಮನ್ನ. ಬದುಕಿರುವಾಗಲೇ ಕಲ್ಲಾದ ದೇವರನ್ನ ಇವತ್ತೇ ನೋಡಿದ್ದು ನಾನು,” ಎಂದ.

ಸ್ವಾಮಿಗಳಿಗೆ ಈ ಸುದ್ದಿಯೇ ತಿಳಿದಿರಲಿಲ್ಲ. ಅವರ ಮುಖ ಕೆಂಡವಾಯಿತು. ನಾರನ್ನು ಅಲ್ಲೇ ಬಿಸುಟು ಅವನ ಹಿಂದೆ ಹೊರಟರು.

ಹದಿನಾರು ಜೋಡಿ ಎತ್ತು ಎಳೆದು ತಂದ ಕಲ್ಲು ಅದು. ಮೇಲೆ ‘ಏಳೂರ ನಾಡನ್ನು ಆಳಿದ ಮಹಾಪ್ರಭು’ ಎಂದು ಕೆತ್ತಿತ್ತು. ಪಾರುಪತ್ಯಗಾರ ಪೇಟ ಸರಿಮಾಡಿಕೊಳ್ಳುತ್ತ ಓಡಿಬಂದ. ತಮ್ಮ ಹೆಸರನ್ನು ಎಲ್ಲಾದರೂ ಬರೆಯಲೇಬೇಕಾದರೆ ಜೊತೆಗೆ ‘ನಾಡಿನ ಆಳು’ ಎಂದಷ್ಟೇ ಇರಲಿ ಎಂದು ಸ್ವಾಮಿಗಳು ಹಿಂದೊಮ್ಮೆ ಹೇಳಿಕಳಿಸಿದ್ದರು. ಮಾತು ಅರ್ಧಕ್ಕೇ ನಿಂತಂತಿತ್ತು ಬುದ್ಧಿ, ಅದಕ್ಕೆ ನಾವೇ ಪೂರ್ತಿ ಮಾಡಿದೆವು ಎಂದು ಅವನು ಹಲ್ಲು ಕಿರಿದ.

“ಆಳು ಅಂದರೆ ಕೂಲಿಯಾಳು ಕಣಯ್ಯ,” ಎಂದರು ಸ್ವಾಮಿಗಳು. “ಆಳೋ ಚಪಲ ನಿಮ್ಮದು.”

ಹೆಗಲ ವಸ್ತ್ರವನ್ನು ಸೊಂಟಕ್ಕೆ ಬಿಗಿದು ದುರ್ಗಪ್ಪನ ಕಡೆ ತಿರುಗಿದರು.

“ಒಡೆಯಾ, ನಿನ್ನ ಆಳು ಬಂದಿದ್ದೀನಿ. ಹಾರೆ ಕೊಡು.”

ದುರ್ಗಪ್ಪ ಎರಡೂ ಕೈಯಲ್ಲಿ ಹಾರೆ ಕೊಟ್ಟ. ಎಂಬತ್ತು ದಾಟಿದ ದೇಹ. ಮೂರನೆಯ ಮೀಟಿಗೆ ಕಲ್ಲು ಉರುಳಿತು. ನೀರು ಉಕ್ಕಿದ ರಭಸಕ್ಕೆ ಪಾರುಪತ್ಯಗಾರನ ಪೇಟ ತೇಲಿಹೋಗಿ ಮೂರನೆಯ ಊರಿನಲ್ಲಿ ಸಿಕ್ಕಿತು. ದುರ್ಗಪ್ಪ ಮೊದಲ ಬೊಗಸೆ ನೀರನ್ನು ಸ್ವಾಮಿಗಳಿಗೆ ಹಿಡಿದ. ಕೇರಿಯ ಕೊನೆಯ ಕೊಡ ತುಂಬುವತನಕ ಅವರು ತುಟಿಗೆ ಹನಿ ಸೋಕಿಸಲಿಲ್ಲ.

ಸ್ವಾಮಿಗಳು ಲಿಂಗೈಕ್ಯರಾದ ವರ್ಷವೇ ಸ್ಮಾರಕ ಕಟ್ಟಲು ಅಳತೆಗೋಲು ಹಿಡಿದು ಹೊಸ ಅಧಿಕಾರಿಗಳು ಅದೇ ಜಾಗಕ್ಕೆ ಬಂದರು. ಮಹಾತ್ಮರ ಸೇವೆಗೆಂದು ಬಂದಿದ್ದೇವೆ ಎಂದರು. ಬಾವಿಕಟ್ಟೆಯ ಮೇಲೆ ಕುಳಿತಿದ್ದ ದುರ್ಗಪ್ಪ ಎದ್ದು, ತಲೆಬಾಗಿ ನಮಸ್ಕರಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಕೊಡ ಕೊಟ್ಟ.

“ಒಳ್ಳೇದಾಯ್ತು ಬನ್ನಿ ಬುದ್ಧಿ. ಈ ಕೇರಿಯಲ್ಲಿ ಮೂವತ್ತು ಮನೆ ಇದೆ.”