ಪ್ರೀತಿಯಿಂದ ಕೂಗಿದ ಪದ

ಹಳಿಯಾಳದ ಕಡೆಯ ಕಾಡಂಚಿನಲ್ಲಿ ಹುಲ್ಲು ಹೊದಿಸಿದ ಗುಡಿಸಲೊಂದಿತ್ತು. ಭಕ್ತರು ಅದನ್ನೇ ಮಠವೆನ್ನುತ್ತಿದ್ದರು. ಪೂಜ್ಯ ಬಂಗಾರ್ಯಜ್ಜನವರು ಅಲ್ಲಿ ಬಿದಿರು ಸೀಳಿ ಬುಟ್ಟಿ ಹೆಣೆಯುತ್ತ ಶಿವನಾಮದಲ್ಲಿ ಲೀನರಾಗಿರುತ್ತಿದ್ದರು. ಅವರು ಹುಟ್ಟಿದ್ದು ಸಿದ್ದಿಯರಲ್ಲಿ. ಎಂದೋ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕುಲವದು. ಅವರ ಮೈಬಣ್ಣ, ಗುಂಗುರು ಕೂದಲನ್ನು ಹೀಯಾಳಿಸಲು ಸುತ್ತಲಿನವರ ಬಾಯಲ್ಲಿ ಒಂದು ಪದವಿತ್ತು. ಅದನ್ನಿಲ್ಲಿ ಬರೆದು ನನ್ನ ಕೈ ಹೊಲಸು ಮಾಡಿಕೊಳ್ಳಲಾರೆ.

ಸಂತರಾದ ಮೇಲೂ ಅಜ್ಜನವರನ್ನು ಆ ಪದದಿಂದ ಕರೆಯುತ್ತಿದ್ದವನು ಒಬ್ಬನೇ, ಬಾಲ್ಯದ ಗೆಳೆಯ ಹುಲಿಯಾ ಸಿದ್ದಿ. ಇಬ್ಬರೂ ಹಾಗೆ ಕರೆದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಹುಲಿಯಾ ತೀರಿಕೊಂಡ ಮೇಲೆ ಅಜ್ಜನವರು ಮಂಕಾದರು. ಪಾದಕ್ಕೆರಗುವವರು ಬೇಕಾದಷ್ಟಿದ್ದರು, ಹೆಗಲ ಮೇಲೆ ಕೈ ಹಾಕುವವರು ಯಾರೂ ಉಳಿಯಲಿಲ್ಲ. ಸಂತರಿಗೂ ಒಂಟಿತನವೇ ಎಂದು ಕೇಳುವವರು ಸಂತರ ಬಳಿ ಕುಳಿತವರಲ್ಲ.

ಇದನ್ನು ಕಂಡು ಊರಿನ ಜಮೀನುದಾರ ಕಲ್ಲಪ್ಪ ದೇಸಾಯರು ಬಹಳ ನೊಂದರು. ಅವರಿಗೆ ಅಜ್ಜನವರೆಂದರೆ ಪ್ರಾಣ. ಗೆಳೆಯನ ಕೊರತೆ ತಾವಾದರೂ ತುಂಬಬೇಕೆಂದು ಒಂದು ಸಂಜೆ ಬಂದವರೇ, ನಗುನಗುತ್ತ, ಹುಲಿಯಾನ ಧಾಟಿಯಲ್ಲೇ ಆ ಪದ ಕೂಗಿದರು.

ಅಜ್ಜನವರ ಕೈಯಿಂದ ಬಿದಿರು ಜಾರಿ ಬಿತ್ತು. ತಟ್ಟನೆ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತುಬಿಟ್ಟರು.

ದೇಸಾಯರು ಕಂಗಾಲಾದರು. ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಹುಲಿಯಾ ಕರೆದರೆ ನಗುತ್ತಿದ್ದವರು ನಾನು ಕರೆದರೆ ಹೀಗೇಕೆ ಎಂದು ಕಾಲು ಹಿಡಿದರು.

ಅಜ್ಜನವರು ಮೆಲ್ಲಗೆ ಕುಳಿತರು. "ನಿನ್ನ ಪ್ರೀತಿ ನನಗ ಗೊತ್ತೈತಿ ಕಲ್ಲಪ್ಪ. ಆದ್ರ ಹುಲಿಯಾ ಆ ಮಾತಿನ ಪೆಟ್ಟು ನನ್ನ ಜೋಡಿ ತಿಂದಾಂವ. ನಿನ್ನ ಬಾಯಾಗ ಅದು ಬಂದಾಗ ನಾ ಮತ್ತ ಜೀತದ ಹುಡುಗಾಗಿ ನಿಮ್ಮಜ್ಜನ ಅಂಗಳದಾಗ ನಿಂತಿದ್ದೆ."

ಅಜ್ಜನವರು ಬಿದ್ದ ಬಿದಿರನ್ನೆತ್ತಿಕೊಂಡು ಮತ್ತೆ ಹೆಣೆಯತೊಡಗಿದರು. ಆ ಒಂಟಿತನ ತಮ್ಮಿಂದ ನೀಗುವಂಥದ್ದಲ್ಲವೆಂದು ದೇಸಾಯರಿಗೆ ಮನವರಿಕೆಯಾಯಿತು.

ಮರುದಿನ ಬೆಳಿಗ್ಗೆ ದೇಸಾಯರು, ತಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಸಿದ್ದಿ ಮುದುಕನನ್ನು ಕರೆಯಲು ಬಾಯಿ ತೆರೆದವರು ಹಾಗೇ ನಿಂತರು. ಎಳೆಯನಾಗಿದ್ದಾಗಲೇ ಜೀತಕ್ಕೆ ಬಂದು, ಆ ಕೊಟ್ಟಿಗೆಯಲ್ಲೇ ಒಂಟಿಯಾಗಿ ಮುದುಕನಾದವನು. ಅವನನ್ನೂ ಮನೆಮಂದಿಯೆಲ್ಲ ಅದೇ ಪದದಿಂದ, ಪ್ರೀತಿಯಿಂದಲೇ ಕರೆಯುತ್ತ ಬಂದಿದ್ದರು. ದೇಸಾಯರು ಅವನೆದುರು ಕುಳಿತು, ಕೈಮುಗಿದು ಹೆಸರು ಕೇಳಿದರು.

ಮುದುಕ ಬಹಳ ಹೊತ್ತು ಯೋಚಿಸಿದ. "ನಮ್ಮವ್ವ ಏನೋ ಒಂದು ಕರೀತಿದ್ಲ್ರಿ ಧಣ್ಯಾರ. ನೆನಪಾಗವಲ್ದು."

ಆ ಪದ ಮತ್ತೆಂದೂ ದೇಸಾಯರ ಬಾಯಿಗೆ ಬರಲಿಲ್ಲ. ಅಂದು ಮಾತ್ರ ಅವರು ಸಗಣಿಯ ನಡುವೆ ಕುಳಿತು ಅತ್ತರು. ಸಮಾಧಾನ ಮಾಡಲು ಬಂದ ಮುದುಕನನ್ನು ಏನೆಂದು ಕರೆಯಬೇಕೋ ಅವರಿಗೆ ತಿಳಿಯಲಿಲ್ಲ.