ಬೆಟ್ಟದ ಮೇಲಿನ ಬಜ್ಜಿ

ಕೂತು ಕೂತು ಊರಿನವರಿಗೆಲ್ಲ ಹೊಟ್ಟೆ ಬಂದಿದೆ, ಎಲ್ಲರೂ ದಿನಾ ಬೆಟ್ಟ ಹತ್ತಬೇಕು ಎಂದು ಹೊಸ ಆರೋಗ್ಯಾಧಿಕಾರಿ ಡಂಗುರ ಹೊಡೆಸಿದರು. ಒಬ್ಬರೂ ಬರಲಿಲ್ಲ. ಆ ಸಿಟ್ಟೆಲ್ಲ ಬೆಟ್ಟದ ಬುಡದಲ್ಲಿ ಬಜ್ಜಿ ಕರಿದು ಹೊಟ್ಟೆ ಹೊರೆಯುತ್ತಿದ್ದ ತಿಪ್ಪಮ್ಮನ ಮೇಲೆ ತಿರುಗಿತು.

"ನಾಳೆಯಿಂದ ನಿನ್ನ ಬಾಣಲೆ ಇಲ್ಲಿ ಕಾಣಬಾರದು."

"ಕಾಣಲ್ಲ ಬಿಡಿ ಸ್ವಾಮಿ" ಎಂದಳು ತಿಪ್ಪಮ್ಮ.

ಮಾರನೇ ದಿನ ಅವಳ ಒಲೆ ಬೆಟ್ಟದ ತುದಿಯಲ್ಲಿ ಉರಿಯುತ್ತಿತ್ತು. ಬಜ್ಜಿಯ ಆಸೆಗೆ ಊರಿಗೆ ಊರೇ ಮೆಟ್ಟಿಲು ಹತ್ತಿತು.

ಸುದ್ದಿ ಕೇಳಿ ಅಧಿಕಾರಿಯೂ ಏದುಸಿರು ಬಿಡುತ್ತಾ ಬಂದರು. "ಏನಮ್ಮಾ ಇದು?"

"ನಿಮ್ಮ ಆರ್ಡರೇ ಸ್ವಾಮಿ. ನೀವೂ ಇವತ್ತೇ ಮೊದಲು ಹತ್ತಿದ್ದಲ್ವಾ?" ಎನ್ನುತ್ತಾ ಬಿಸಿ ಬಜ್ಜಿಯೊಂದನ್ನು ಕೈಗಿಟ್ಟಳು.

ಬೈಯಲು ತೆರೆದ ಬಾಯಿಗೆ ಬಜ್ಜಿ ಹೋಯಿತು. ಅಧಿಕಾರಿ ಮತ್ತೆ ಕೈ ಚಾಚಿದರು.

ತಿಪ್ಪಮ್ಮ ಸೌಟಿನಿಂದ ಮೆಟ್ಟಿಲು ತೋರಿಸಿದಳು. "ಒಂದು ಸಲ ಹತ್ತಿದರೆ ಒಂದೇ ಬಜ್ಜಿ. ಇನ್ನೊಂದು ಬೇಕಿದ್ದರೆ ಇಳಿದು, ಮತ್ತೆ ಹತ್ತಿ ಬನ್ನಿ."